ಬಾಗಿಲ ಚಾಪೆ

ಮಾನ್ವಿ
10 ಡಿಸೆಂಬರ್ 1979

ಪ್ರಿಯ ಬೂದೆಪ್ಪನಿಗೆ,

ನಿನ್ನೆಯಿಂದ ನಾನು ನಮ್ಮ ಸಭೆಯ ಬಾಗಿಲ ಚಾಪೆಯ ಮೇಲೆ ಕುಳಿತಿದ್ದೇನೆ. ಯಾರೂ ಕೂರಿಸಿದ್ದಲ್ಲ. ಆರಾಧನೆ ಮುಗಿಯುವ ಮೊದಲು ಎದ್ದು ನಿಂತು ಎಲ್ಲರಿಗೂ ನಾನೇ ಹೇಳಿದೆ, ನಾನೇ ಹೋಗಿ ಕುಳಿತೆ.

ಮಗಳ ಮಗನಿಗೆ ಮೆದುಳು ಜ್ವರ ಬಂದಿತ್ತು. ರಾಯಚೂರಿನ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದೆವು. ಹತ್ತನೆಯ ದಿನ ಡಾಕ್ಟರು ಮಗಳನ್ನು ಮಾತ್ರ ಹೊರಗೆ ಕರೆದು ಮಾತಾಡಿದರು. ನನ್ನನ್ನು ಕರೆಯಲಿಲ್ಲ. ಅದರಿಂದಲೇ ತಿಳಿಯಿತು. ಪಕ್ಕದ ಮಂಚದ ಬಿಸ್ಮಿಲ್ಲಾ ಬೀ ಎಂಬ ಮುದುಕಿ, "ಯಪ್ಪಾ, ಇವತ್ತು ಮೊಹರಂ. ಅಲಾಯಿ ದೇವರ ಮುಂದ ಒಂದ ಮುಷ್ಟಿ ಸಕ್ಕರಿಗೆ ಫಾತೇಹಾ ಓದಿಸಿ ತಂದು ಕೂಸಿನ ಬಾಯಾಗ ಇಡು. ನಿನ್ನ ಗಂಟೇನು ಹೋಗ್ತದ?" ಎಂದಳು. ನಲವತ್ತು ವರ್ಷ ಉಪದೇಶಿಯಾಗಿದ್ದವನು, ಮೊಹರಂ ಬಂದಾಗಲೆಲ್ಲ ಅದರ ವಿರುದ್ಧ ಬೋಧಿಸಿದವನು, ತಲೆಯ ಮೇಲೆ ಟವೆಲು ಹೊದ್ದುಕೊಂಡು ಹೋದೆ. ಓದಿಸಿದೆ. ತಂದು ಕೂಸಿನ ನಾಲಗೆಗೆ ಇಟ್ಟೆ. ಬದುಕಿದ.

ಸಕ್ಕರೆಯಿಂದ ಬದುಕಿದ ಎಂದು ನಾನು ಹೇಳುವುದಿಲ್ಲ. ಸಕ್ಕರೆ ಇಟ್ಟವನು ನಾನು ಎಂದು ಮಾತ್ರ ಹೇಳುತ್ತೇನೆ.

ನಿಯಮ ನಿನಗೆ ಗೊತ್ತು, ಬರೆದವನು ನಾನೇ. ಬಾಗಿಲ ಚಾಪೆಗೆ ಬಂದವನಿಗೆ ಕರ್ತನ ಮೇಜಿನ ರೊಟ್ಟಿ ಇಲ್ಲ. ನಂಬಿಕೆಯಲ್ಲಿ ಗಟ್ಟಿಯಾದ ಒಬ್ಬರು ಹನ್ನೆರಡು ಭಾನುವಾರ ಅವನ ಪಕ್ಕ ಕುಳಿತು, ಬೈಬಲಿನ ವಚನ ಕಲಿಸಿ, ಧೈರ್ಯ ಹೇಳಿ, ಕಡೆಗೆ ಎಲ್ಲರ ಮುಂದೆ ಕೈ ಹಿಡಿದು ಬಾಗಿಲಿಂದ ಮೇಜಿನ ತನಕ ನಡೆಸಬೇಕು. ನಡೆಸುವಲ್ಲಿ ತಪ್ಪಿದರೆ ಕೈ ಹಿಡಿದವನೂ ಅದೇ ಚಾಪೆಗೆ ಬರಬೇಕು.

ನೀನು ನನ್ನ ಕೈ ಹಿಡಿಯುವೆಯಾ? ಇಲ್ಲಿ ಹತ್ತು ಜನ ಸಿದ್ಧರಿದ್ದಾರೆ. ಆದರೆ ನಾನು ಕೇಳಬೇಕಾದದ್ದು ನಿನ್ನನ್ನು. ಯಾಕೆಂದು ನನಗೆ ಗೊತ್ತು. ನಿನಗೂ ಗೊತ್ತು.

ಕಾಯುತ್ತಿರುವ,
ಮುದುಕಪ್ಪ

*

ದೇವದುರ್ಗ
18 ಡಿಸೆಂಬರ್ 1979

ಉಪದೇಶಿ ಮುದುಕಪ್ಪನವರಿಗೆ,

ಇಲ್ಲ.

ಈ ಒಂದೇ ಪದ ಬರೆದು ಅಂಚೆಗೆ ಹಾಕಬೇಕೆಂದಿದ್ದೆ. ಆದರೆ ನನಗೆ ಅಕ್ಷರ ಕಲಿಸಿದವರು ನೀವು. ಕಲಿಸಿದ್ದರ ಫಲ ನಿಮಗೂ ಸ್ವಲ್ಪ ಸಿಗಲಿ.

1962. ನನಗೆ ಒಂಬತ್ತು ವರ್ಷ, ವಿಷಮಜ್ವರ. ನನ್ನವ್ವ ಹುಲಿಗೆಮ್ಮ ಮೊಹರಂ ದಿನ ಒಂದು ಮುಷ್ಟಿ ಸಕ್ಕರೆ ಓದಿಸಿ ತಂದು ನನ್ನ ಬಾಯಿಗಿಟ್ಟಳು. ನಾನು ಬದುಕಿದೆ. ಅವಳು ಮುಚ್ಚಿಡಲಿಲ್ಲ. ಸಂತೋಷ ತಡೆಯಲಾರದೆ ನಿಮಗೇ ಬಂದು ಹೇಳಿದಳು. ಮುಂದಿನ ಭಾನುವಾರ ನೀವು ಸಭೆಯ ಸದಸ್ಯರ ಪುಸ್ತಕದಲ್ಲಿ ಅವಳ ಹೆಸರಿನ ಮೇಲೆ ಗೆರೆ ಎಳೆದು ಬಾಗಿಲಿಗೆ ಕಳಿಸಿದಿರಿ. ಹೊಸ್ತಿಲ ಒಳಗೆ, ಜನ ಚಪ್ಪಲಿ ಬಿಡುವ ಜಾಗಕ್ಕೆ.

ಹನ್ನೆರಡು ಭಾನುವಾರದ ಶಿಕ್ಷೆ ಒಂಬತ್ತು ವರ್ಷ ಹೇಗಾಯಿತು ಉಪದೇಶಿಗಳೇ? ಕೈ ಹಿಡಿಯಲು ಯಾರೂ ಬರಲಿಲ್ಲ. ಓದು ಬರದ ಕೂಲಿ ಹೆಣ್ಣು, ನಡೆಸುವಲ್ಲಿ ತಪ್ಪಿದರೆ ತಾವೂ ಚಾಪೆಗೆ ಹೋಗಬೇಕಲ್ಲ ಎಂದು ಎಲ್ಲರಿಗೂ ಅಂಜಿಕೆ. ಹನ್ನೆರಡನೆಯ ವಯಸ್ಸಿನಲ್ಲಿ ನಾನು ನಿಮ್ಮ ಮನೆಗೆ ಬಂದು ನೀವೇ ಹಿಡಿಯಿರಿ ಎಂದು ಬೇಡಿದೆ. ನೀವು ಜೋಳದ ರೊಟ್ಟಿ ಮುರಿಯುತ್ತ, "ಗೆರಿ ಎಳದ ಕೈಯಾಗ ಆಕಿ ಕೈ ಹಿಡದ್ರ ಪುಸ್ತಕಕ್ಕೇನ್ ಮರ್ಯಾದಿ ಉಳೀತದಲೇ ಹುಡುಗಾ?" ಎಂದಿರಿ. 1971ರಲ್ಲಿ ಅವಳು ಕರ್ತನ ಮೇಜಿನ ರೊಟ್ಟಿಯ ರುಚಿ ಮರೆತೇ ಸತ್ತಳು. ಪುಸ್ತಕದ ಮರ್ಯಾದೆ ಉಳಿದಿದೆ. ಗೆರೆಯೂ ಉಳಿದಿದೆ.

ಆಮೇಲೆ ನಾನು ರಾಯಚೂರಿನ ಹತ್ತಿ ಮಿಲ್ಲಿಗೆ ಸೇರಿದೆ. ಮಿಲ್ಲಿನ ಗೇಟಿನಲ್ಲಿ ಕರಪತ್ರ ಹಂಚುವವರು ಇಬ್ಬರಿದ್ದರು. ಒಬ್ಬರು ಆತ್ಮದ ಬಿಡುಗಡೆಯದು ಕೊಡುತ್ತಿದ್ದರು, ಇನ್ನೊಬ್ಬರು ಕೂಲಿಕಾರರ ಬಿಡುಗಡೆಯದು. ನಾನು ಎರಡನ್ನೂ ಓದಿದೆ, ಹರಿಯುವ ತನಕ ಓದಿದೆ. ಎರಡರಿಂದಲೂ ಕಲಿತದ್ದು ಒಂದೇ: ಕೆಳಗೆ ಕುಳಿತವನನ್ನು ಎಬ್ಬಿಸದ ನ್ಯಾಯ ನ್ಯಾಯವಲ್ಲ. ಇಲ್ಲಿ ದೇವದುರ್ಗದ ಹೊರಗೆ ಕಲ್ಲು ಒಡೆಯುವ ಎಂಟು ಮನೆಯವರಿಗೆ ನಂಬಿಕೆಯ ಪಾಠ ಹೇಳುತ್ತಿದ್ದೇನೆ. ನಮ್ಮಲ್ಲಿ ಚಾಪೆಯೇ ಇಲ್ಲ. ಎಲ್ಲರಿಗೂ ನೆಲ.

ಕುಳಿತಿರಿ. ಹೊಸ್ತಿಲ ಗಾಳಿ ಹೇಗಿರುತ್ತದೆಂದು ತಿಳಿಯಲಿ.

ಹುಲಿಗೆಮ್ಮನ ಮಗ,
ಬೂದೆಪ್ಪ

*

ಪೋತ್ನಾಳ
27 ಡಿಸೆಂಬರ್ 1979
(ಅಕ್ಕ ಗದ್ದೆಮ್ಮ ಹೇಳಿದ್ದು, ಕಿರಾಣಿ ಅಂಗಡಿ ನಬೀಸಾಬ್ ಬರೆದದ್ದು)

ತಮ್ಮಾ ಬೂದೆಪ್ಪಾ,

ನಾವೆಲ್ಲ ಆರಾಮ ಅದೀವಿ. ಕ್ರಿಸ್‌ಮಸ್‌ಗೆ ನೀ ಬರಲಿಲ್ಲ. ನಾ ಮಾನ್ವಿಗೆ ಹೋಗಿದ್ದೆ. ಮುದುಕಪ್ಪ ಉಪದೇಶಿ ಬಾಗಲದಾಗ ಕುಂತಾನ, ಕುತ್ತಿಗಿ ಬಗ್ಗಿಸಿಕೊಂಡು. ಸುಳ್ಳ ಯಾಕ ಹೇಳ್ಲಿ, ನನ್ನ ಹೊಟ್ಟಿ ತಣ್ಣಗಾತು. ಬೇಕಂತನ ನನ್ನ ಚಪ್ಲಿ ಆತನ ಮೊಣಕಾಲಿಗೆ ಹತ್ತೋಹಂಗ ಬಿಟ್ಟೆ. ಮುದುಕ ಎರಡೂ ಚಪ್ಲಿ ಎತ್ತಿ, ಮಣ್ಣ ಝಾಡಿಸಿ, ಜೋಡಿ ಮಾಡಿ ಇಟ್ಟ. ನನ್ನ ಹೊಟ್ಟಿ ಮತ್ತ ಉರೀತು.

(ನಬೀಸಾಬನ ಸ್ವಂತ ಮಾತು: ಚಪ್ಲಿ ಸುದ್ದಿ ಹೇಳುವಾಗ ನಿಮ್ಮಕ್ಕ ನಗಾಕತ್ತಿದ್ಲು. ಈಗ ಸೆರಗ ಬಾಯಿಗೆ ಇಟಗೊಂಡಾಳ. "ಅದನ್ಯಾಕ ಬರಿಯಾಕತ್ತಿ ಮುದ್ಯಾ, ನಾ ಹೇಳಿದ್ದಷ್ಟ ಬರಿ" ಅಂತ ಬೈತಾಳ. ಬರದ ಬರೀತೀನಿ.)

ನೀ ಇಲ್ಲ ಅಂತ ಬರದಿಯಂತ. ಚಲೋ ಮಾಡಿದಿ. ಆದ್ರ ನನಗೊಂದ ತಿಳೀವಲ್ದು. ನೀ ಇಲ್ಲಂದ್ರ ಬ್ಯಾರೆ ಯಾರರ ಹಿಡೀತಾರ. ನಾ ಮುಂದ ತಾ ಮುಂದ ಅಂತ ಹತ್ತ ಮಂದಿ ನಿಂತಾರ. ಹನ್ನೆರಡು ವಾರಕ್ಕ ಎದ್ದು ಮೇಜಿಗೆ ಹೋಗಿಬಿಡ್ತಾನ. ಅವ್ವ ಒಂಬತ್ತು ವರ್ಷ, ಆತ ಹನ್ನೆರಡು ವಾರ. ನೀ ಓದಿದಾಂವ. ಇದಕ್ಕೇನಂತಾರ ಹೇಳು.

ನಿನ್ನಕ್ಕ,
ಗದ್ದೆಮ್ಮನ ಹೆಬ್ಬೆಟ್ಟು

*

ದೇವದುರ್ಗ
5 ಜನವರಿ 1980

ಅಕ್ಕಾ,

ನಿನ್ನ ಪ್ರಶ್ನೆ ನನ್ನನ್ನು ಒಂದು ವಾರ ಸುಟ್ಟಿತು. ಈಗ ಉತ್ತರ ಸಿಕ್ಕಿದೆ.

ನಾನು ಒಪ್ಪಿಕೊಳ್ಳುತ್ತೇನೆ. ಜನವರಿ ಹದಿಮೂರರಿಂದ ಹನ್ನೆರಡು ಭಾನುವಾರ ಅವನ ಪಕ್ಕ ಕುಳಿತುಕೊಳ್ಳುತ್ತೇನೆ. ಅವನು ನನಗೆ ಬಾಯಿಪಾಠ ಮಾಡಿಸಿದ ಹಾಗೆ ನಾನು ಅವನಿಗೆ ವಚನ ಕೊಡುತ್ತೇನೆ. ಏಪ್ರಿಲ್ ಆರಕ್ಕೆ ಈಸ್ಟರ್ ಬರುತ್ತದೆ, ರಾಯಚೂರಿನಿಂದ ಪಾದ್ರಿ ಅಯ್ಯನವರು ರೊಟ್ಟಿ ಮುರಿಯಲು ಬರುತ್ತಾರೆ, ಸಭೆ ಬಾಗಿಲ ತನಕ ತುಂಬಿರುತ್ತದೆ. ಅವನ ಕೈ ಹಿಡಿದು ಎಬ್ಬಿಸುತ್ತೇನೆ. ಸಭೆಯ ನಡುವಿನ ಬೇವಿನ ಕಂಬ ನಿನಗೆ ನೆನಪಿದೆಯಲ್ಲ? ಅಲ್ಲಿಯ ತನಕ ನಡೆಸುತ್ತೇನೆ. ಅಲ್ಲಿ ಕೈ ಬಿಡುತ್ತೇನೆ.

ಬಿಟ್ಟು, ಅವ್ವನ ಹೆಸರು ಹೇಳಿ, ಬಾಗಿಲು ದಾಟಿ ಹೊರಗೆ ಬರುತ್ತೇನೆ. ಮುದುಕ ಕಂಬದ ಹತ್ತಿರ ನಿಂತಿರಲಿ, ಮುಂದೆ ಹೋಗಲಾಗದೆ, ಹಿಂದೆ ಬರಲಾಗದೆ. ಕೈ ಬಿಟ್ಟವನನ್ನು ಎರಡನೆಯವರು ಹಿಡಿಯಲು ಅಂಜುತ್ತಾರೆ. ಒಂಬತ್ತು ವರ್ಷ ಕುಳಿತಿರಲಿ.

ಕ್ಷಮೆ ಎನ್ನುವುದನ್ನು ಮೇಲೆ ಕುಳಿತವರು ಕೆಳಗೆ ಕುಳಿತವರಿಗೆ ಮಾತ್ರ ಯಾಕೆ ಕಲಿಸುತ್ತಾರೆ? ಲೆಕ್ಕ ತಪ್ಪದ ನ್ಯಾಯ ಒಂದು ಸಲವಾದರೂ ನಮ್ಮ ಕೈಯಿಂದ ಆಗಲಿ.

ಇದು ನಿನಗೂ ನನಗೂ ಮಾತ್ರ ತಿಳಿದಿರಲಿ.

ನಿನ್ನ ತಮ್ಮ,
ಬೂದೆಪ್ಪ

*

ದೇವದುರ್ಗ
5 ಜನವರಿ 1980

ಮುದುಕಪ್ಪನವರಿಗೆ,

ಮನಸ್ಸು ಬದಲಿಸಿದ್ದೇನೆ. 13ರಂದು ಕವಿತಾಳದ ಮೇಲೆ ಬರುವ ಮೊದಲ ಬಸ್ಸಿಗೆ ಬರುತ್ತೇನೆ. ಬೇರೆ ಯಾರಿಗೂ ಕೈ ಕೊಡಬೇಡಿ.

ಬೂದೆಪ್ಪ

*

ಮಾನ್ವಿ
18 ಫೆಬ್ರವರಿ 1980

ಪ್ರಿಯ ಬೂದೆಪ್ಪನಿಗೆ,

ಆರು ಭಾನುವಾರ ಪಕ್ಕಪಕ್ಕದಲ್ಲಿ ಕುಳಿತೆವು. ನೀನು ಚೀಟಿಯಲ್ಲಿ ವಚನ ಬರೆದು ಕೊಡುತ್ತೀ, ನಾನು ಹಿಂದಿನ ವಾರದ್ದನ್ನು ಒಪ್ಪಿಸುತ್ತೇನೆ, ನೀನು ತಲೆಯಾಡಿಸಿ ಬಸ್ಸಿಗೆ ಹೋಗುತ್ತೀ. ಮಾತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನೀನು ಆರಿಸಿದ ವಚನಗಳು ಗಟ್ಟಿಯಾಗಿವೆ. ಕೊರಳಿಗೆ ಬೀಸುವ ಕಲ್ಲು, ಸುಣ್ಣ ಬಳಿದ ಗೋರಿ, ಹೊರಲಾರದ ಹೊರೆ ಕಟ್ಟಿ ಬೆರಳೂ ಮುಟ್ಟಿಸದವರು. ಎಪ್ಪತ್ತರ ತಲೆಯಲ್ಲಿ ಬೇಗ ನಿಲ್ಲುವುದಿಲ್ಲ. ಹಿತ್ತಲಲ್ಲಿ ಅಡ್ಡಾಡುತ್ತ ಒಪ್ಪಿಸುತ್ತೇನೆ. ಮಗಳು, "ಯಪ್ಪಾ, ಯಾರನ್ನ ಬೈಯಾಕತ್ತಿ?" ಎಂದು ಕೇಳಿದಳು. ಪಾಠ ಮಾಡಾಕತ್ತೀನಿ ಎಂದೆ.

ಒಂದು ವಿಷಯ ನಿನಗೆ ಹೇಳಬೇಕು. ಬಾಗಿಲ ಚಾಪೆಗೆ ಬೋಧನೆ ಕೇಳಿಸುವುದಿಲ್ಲ. ನೀನೂ ಗಮನಿಸಿರಬೇಕು. ಹೊರಗಿನ ಎತ್ತಿನಗಾಡಿ ಕೇಳಿಸುತ್ತದೆ, ಬಸ್ಸು ಕೇಳಿಸುತ್ತದೆ, ಚಪ್ಪಲಿ ಬಿಡುವುದು ಹಾಕಿಕೊಳ್ಳುವುದು ಕೇಳಿಸುತ್ತದೆ. ಮುಂದೆ ನಿಂತವನ ಬಾಯಿ ಆಡುವುದು ಕಾಣಿಸುತ್ತದೆ, ಅಷ್ಟೆ. ಒಂಬತ್ತು ವರ್ಷ ನಾನು ಅನೇಕ ಮಾತುಗಳನ್ನು ಹುಲಿಗೆಮ್ಮನ ಸಲುವಾಗಿಯೇ ಹೇಳಿದ್ದೆ. ಧೈರ್ಯದ ಮಾತು, ತಿರುಗಿ ಬರುವವರ ಮಾತು. ಅವಳು ನನ್ನನ್ನೇ ನೋಡುತ್ತಿದ್ದಳು. ಕೇಳುತ್ತಿದ್ದಾಳೆ ಎಂದುಕೊಂಡಿದ್ದೆ.

ಮುಂದಿನ ವಾರದ ವಚನ ಸ್ವಲ್ಪ ದೊಡ್ಡ ಅಕ್ಷರದಲ್ಲಿ ಬರೆ. ಕಣ್ಣು ಮಂಜಾಗಿದೆ.

ನಿನ್ನ ವಿದ್ಯಾರ್ಥಿ,
ಮುದುಕಪ್ಪ

*

ದೇವದುರ್ಗ
24 ಮಾರ್ಚ್ 1980

ಅಕ್ಕಾ,

ಇನ್ನೊಂದೇ ಭಾನುವಾರ, ಆಮೇಲೆ ಈಸ್ಟರ್.

ಇಲ್ಲಿಯವರಿಗೆ ನಾನು ಪ್ರತಿ ವಾರ ಮಾನ್ವಿಗೆ ಯಾಕೆ ಹೋಗುತ್ತೇನೆಂದು ಕುತೂಹಲ. ದುರುಗಪ್ಪ ಎಂಬ ಕಲ್ಲು ಒಡೆಯುವವ ಇದ್ದಾನೆ, ಪಾಠದಲ್ಲಿ ಎಲ್ಲರಿಗಿಂತ ಮುಂದೆ, ಪ್ರಶ್ನೆಯಲ್ಲಿಯೂ ಮುಂದೆ. "ಬಿದ್ದವರನ್ನ ಎಬ್ಬಸಾಕ ಹೊಕ್ಕೀರೇನ್ರಿ?" ಎಂದು ಕೇಳಿದ. ಹೌದು ಎಂದೆ. ಅಂದಿನಿಂದ ಅವರೆಲ್ಲ ಆ ಬಿದ್ದವನ ಸಲುವಾಗಿ ದಿನಾ ಪ್ರಾರ್ಥನೆ ಮಾಡುತ್ತಾರೆ. ಹೆಸರು ಗೊತ್ತಿಲ್ಲ, "ನಮ್ಮ ಮಾಸ್ತರನ ಮುದುಕ" ಎನ್ನುತ್ತಾರೆ. ಕಲ್ಲಿನ ಧೂಳು ಮೆತ್ತಿದ ಕೈ ಮುಗಿದು ಅವರು ಅವನ ಕಾಲಿಗೆ ಬಲ ಕೊಡು ಎಂದು ಕೇಳುವಾಗ ನಾನು ಕಣ್ಣು ಮುಚ್ಚುವುದಿಲ್ಲ.

ಕಳೆದ ವಾರ ಮುದುಕ ಹಳೆಯ ವಚನಗಳನ್ನೆಲ್ಲ ತಿರುಗಿ ಒಪ್ಪಿಸುತ್ತ, ಸುಣ್ಣ ಬಳಿದ ಗೋರಿಯ ವಚನದ ನಡುವೆ ಒಂದು ಪದ ಮರೆತ. ನನ್ನ ನಾಲಗೆಯ ತುದಿಗೆ ಬಂದಿತ್ತು, ನಾನು ಹೇಳಿಕೊಡಲಿಲ್ಲ. ಅಲ್ಲಿಯೇ ಕುಳಿತು ಹುಡುಕಿದ. ಆರಾಧನೆ ಮುಗಿದು ಜನ ಚಪ್ಪಲಿ ಹಾಕಿಕೊಳ್ಳಲು ಬಂದರೂ ಹುಡುಕುತ್ತಿದ್ದ.

ನನಗೆ ಕನಿಕರವಾಗಲಿಲ್ಲ. ಆಗಲಿಲ್ಲ ಎಂದೇ ಬರೆಯುತ್ತೇನೆ. ಕಂಬದ ಹತ್ತಿರ ಕೈ ಬಿಡುತ್ತೇನೆ.

ಬೂದೆಪ್ಪ

*

ದೇವದುರ್ಗ
8 ಏಪ್ರಿಲ್ 1980

ಅಕ್ಕಾ,

ನೀನು ಮಗ್ಗುಲು ನೋವೆಂದು ಬರಲಿಲ್ಲ. ಬಂದಿದ್ದರೆ ನೋಡುತ್ತಿದ್ದೆ. ಬರೆಯುತ್ತೇನೆ.

ಸಭೆ ತುಂಬಿತ್ತು. ಅಯ್ಯನವರು ಮೇಜಿನ ಬಿಳಿ ಬಟ್ಟೆ ತೆಗೆದು, "ಕೈ ಹಿಡಿದವರು ಕರೆತರಲಿ" ಎಂದರು. ಎದ್ದೆ. ಮುದುಕನ ಕೈ ಹಿಡಿದೆ. ಒಣಗಿದ ಕೈ, ಆದರೆ ಬಿಗಿ. ಜನ ಎರಡೂ ಕಡೆ ಸರಿದು ದಾರಿ ಬಿಟ್ಟರು. ಕಂಬ ಬಂತು. ನಾನು ಬೆರಳು ಸಡಿಲಿಸುವ ಮೊದಲೇ ಅವನು ನಿಂತ.

"ಇಲ್ಲೇ ಅಲ್ಲೇನು ಬೂದೆಪ್ಪಾ, ನೀ ಕೈ ಬಿಡಬೇಕಂತ ಮಾಡಿದ್ದು? ಬಿಡು."

ಮೆಲ್ಲಗೆ ಹೇಳಿದ, ನನಗೆ ಮಾತ್ರ ಕೇಳುವಂತೆ. ನನ್ನ ಕೈ ಏನು ಮಾಡಿತು ಗೊತ್ತೇ? ಇನ್ನೂ ಗಟ್ಟಿ ಹಿಡಿಯಿತು. ಬಿಡಲು ಬರಲಿಲ್ಲ. "ಬಿಡಪಾ" ಎಂದು ಅವನೇ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಆಮೇಲೆ ಅಯ್ಯನವರ ಕಡೆ ತಿರುಗಿ ಗಟ್ಟಿಯಾಗಿ, ಬಾಗಿಲ ಚಾಪೆಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದ:

"ಹುಲಿಗೆಮ್ಮ ಒಂದ ಮುಷ್ಟಿ ಸಕ್ಕರಿ ತಂದ್ಲು. ನಾನೂ ತಂದೆ. ಆಕೀಗೆ ಒಂಬತ್ತು ವರ್ಷ, ನನಗ ಹನ್ನೆರಡು ವಾರ. ಗೆರಿ ಎಳದಾಂವ ನಾನು, ಅದು ತಪ್ಪು. ಪುಸ್ತಕದಾಗ ಆಕಿ ಹೆಸರ ಮತ್ತ ಬರೀರಿ. ಆಮ್ಯಾಲೆ ನನಗ ರೊಟ್ಟಿ ಕೊಡ್ರಿ."

ಅಯ್ಯನವರು ಕನ್ನಡಕ ತೆಗೆದು ಒರೆಸಿದರು. "ತೀರಿಹೋದವರ ಹೆಸರು ಬರೆಯೋದಕ್ಕೆ ನಿಯಮದಲ್ಲಿ ಅವಕಾಶ ಇಲ್ಲವಲ್ಲ, ಉಪದೇಶಿಗಳೇ." ಮುಂದಿನ ಸಾಲಿನಿಂದ ಯಾರೋ, "ಹಬ್ಬದ ದಿನ ಇದೆಲ್ಲಾ ಯಾಕ್ರೀ?" ಎಂದರು.

"ಹಂಗಾರ ನನ್ನ ಜಾಗ ಅಲ್ಲೇ ಅದ" ಎಂದು ಮುದುಕ ಒಬ್ಬನೇ ಹಿಂದಕ್ಕೆ ನಡೆದು ಚಾಪೆಯ ಮೇಲೆ ಕುಳಿತ. ಸಭೆಯವರು ಹಾಡು ಶುರು ಮಾಡಿದರು. ಕಂಬದ ಹತ್ತಿರ ಮುಂದೆ ಹೋಗಲಾಗದೆ, ಹಿಂದೆ ಬರಲಾಗದೆ ನಿಂತವನು ನಾನು.

ಅವ್ವನ ಹೆಸರನ್ನು ನಾನು ಹೇಳಬೇಕಾಗಿತ್ತು, ಅಕ್ಕ. ಅದನ್ನೂ ಅವನೇ ಹೇಳಿದ. ಹದಿನೆಂಟು ವರ್ಷ ಸಾಕಿದ ಸೇಡನ್ನು ನನ್ನ ಕೈಯಿಂದಲೇ ಕಸಿದುಕೊಂಡ. ನನಗೆ ಇನ್ನೂ ಮೈ ಉರಿಯುತ್ತಿದೆ.

ಅವನಿಗೆ ಹೇಳಿದವರು ಯಾರು? ನಾನು ಬರೆದದ್ದು ನಿನಗೊಬ್ಬಳಿಗೆ.

ಬೂದೆಪ್ಪ

*

ಪೋತ್ನಾಳ
15 ಏಪ್ರಿಲ್ 1980
(ಗದ್ದೆಮ್ಮ ಮತ್ತು ನಬೀಸಾಬ್, ಇಬ್ಬರೂ ಹೇಳಿದ್ದು)

ತಮ್ಮಾ,

ನನಗೊಬ್ಬಾಕಿಗೆ ಬರದಿ ಅಂತಿ. ನನಗ ಓದಾಕ ಎಲ್ಲಿ ಬರ್ತದಲೇ? ನಿನ್ನ ಕಾಗದ ಯಾವತ್ತರ ನಬೀಸಾಬ್‌ನ ಅಂಗಡಿ ಕಟ್ಟಿ ಬಿಟ್ಟು ಬ್ಯಾರೆ ಕಡೆ ಓದಿಸೀನೇನು? ಊರೇ ಕೇಳ್ತದ. ಇಷ್ಟ ಓದಿದಾಂವ ನಿನಗ ಅಷ್ಟ ತಿಳೀಲಿಲ್ಲ.

(ನಬೀಸಾಬ್: ಅಲ್ಲಾನ ಆಣಿ, ನನ್ನ ತಪ್ಪಿಲ್ಲ. "ನಿನಗೂ ನನಗೂ ಮಾತ್ರ" ಅಂತ ಕೊನೀಗೆ ಬರದೀರಿ. ಮೊದಲ ಸಾಲಿನಾಗ ಬರದಿದ್ರ ಮೆಲ್ಲಕ ಓದ್ತಿದ್ದೆ.)

ಖರೇ ಹೇಳ್ತೀನಿ. ಆ ಕಾಗದ ಓದಿಸಿದ ದಿನ ಮುದುಕಪ್ಪ ಉಪದೇಶಿ ಅಲ್ಲೇ ಇದ್ದ. ಪೋತ್ನಾಳಕ ಯಾರದೋ ಮನಿಗೆ ಪ್ರಾರ್ಥನಿಗೆ ಬಂದಾಂವ, ಮಾನ್ವಿ ಬಸ್ ಕಾಯಾಕತ್ತಿದ್ದ. ಮಫ್ಲರ್ ಸುತಗೊಂಡು ಚಾ ಕುಡೀತಿದ್ದ. ನಬೀಸಾಬ್ ಆತನ್ನ ನೋಡಿ ಓದೋದ ನಿಂದರಿಸಿದ. "ಓದು, ಗಟ್ಟಿಯಾಗಿ ಓದು" ಅಂತ ಅಂದಾಕಿ ನಾನ. ಕೇಳಲಿ ಅಂತ. ಹೆದರಿ ಸಾಯಲಿ ಅಂತ. ಕಂಬದ ಸುದ್ದಿ ಬಂದಾಗ ಎರಡ ಸಲ ಓದಿಸಿದೆ.

(ನಬೀಸಾಬ್: ಓದಿ ಮುಗಿಸಿದ ಮ್ಯಾಲೆ ಮುದುಕ ಕಪ್ ಇಟ್ಟು, "ಹುಡುಗ ಚಲೋ ಬರದಾನ, ಸಾಬ್ರ. ಒಂದೂ ತಪ್ಪಿಲ್ಲ. ನಾನ ಕಲಿಸಿದ್ದು" ಅಂದ. ಬಸ್ ಬಂತು, ಹತ್ತಿದ.)

ಅದು ಜನವರಿ ಹತ್ತಕ್ಕ. ನೀ ಮೊದಲ ವಾರ ಕುಂಡ್ರೂದಕ್ಕೂ ಮೊದಲು. ಹನ್ನೆರಡೂ ವಾರ ಗೊತ್ತಿದ್ದೂ ನಿನ್ನ ಮಗ್ಗುಲ ಕುಂತಾನ. ನಾ ನಿನಗ ಹೇಳಲಿಲ್ಲ, ಏನ ಮಾಡ್ತಾನ ನೋಡೂಣು ಅಂತ. ಈಸ್ಟರ್‌ಕ ನನಗ ಮಗ್ಗುಲ ನೋವೇನೂ ಇರಲಿಲ್ಲ. ನೋಡಾಕ ಧೈರ್ಯ ಆಗಲಿಲ್ಲ.

ಬೈಯೋದಿದ್ರ ಬಂದು ಬೈ. ಕಾಗದದಾಗ ಬ್ಯಾಡ.

ಗದ್ದೆಮ್ಮನ ಹೆಬ್ಬೆಟ್ಟು

*

ದೇವದುರ್ಗ
21 ಏಪ್ರಿಲ್ 1980

ಮುದುಕಪ್ಪನವರಿಗೆ,

ನಾನು ನಿಮ್ಮನ್ನು ಕ್ಷಮಿಸಿಲ್ಲ. ಇದನ್ನು ಮೊದಲ ಸಾಲಿನಲ್ಲೇ ಬರೆಯುತ್ತೇನೆ. ಕೊನೆಗೆ ಬರೆದರೆ ಏನಾಗುತ್ತದೆಂದು ಈಗ ಕಲಿತಿದ್ದೇನೆ.

ನಿಮ್ಮ ನಿಯಮ ಮತ್ತೆ ಓದಿದೆ. ನಡೆಸುವಲ್ಲಿ ತಪ್ಪಿದರೆ ಕೈ ಹಿಡಿದವನೂ ಚಾಪೆಗೆ ಬರಬೇಕು. ತಪ್ಪಿದ್ದೇನೆ. ಮೊದಲ ಭಾನುವಾರದಿಂದಲೇ ತಪ್ಪಿದ್ದೆ. ನಿಮಗೆ ಅದು ಗೊತ್ತಿತ್ತು, ಆದರೂ ವಚನ ಒಪ್ಪಿಸಿದಿರಿ. ಆದ್ದರಿಂದ 27ರಿಂದ ನಾನು ಬರುತ್ತೇನೆ. ಕಲಿಸುವವನಾಗಿ ಅಲ್ಲ, ಕುಳಿತುಕೊಳ್ಳುವವನಾಗಿ. ನನ್ನ ಕೈ ಹಿಡಿಯಲು ಯಾರೂ ಬೇಡ. ಬಂದರೂ ಏಳುವುದಿಲ್ಲ.

ನನ್ನ ಎಂಟು ಮನೆಯವರಿಗೆ ನಿಜ ಹೇಳಿದೆ. ಅವರು ಮೂರು ತಿಂಗಳು ಬೇಡಿಕೊಂಡದ್ದು ಯಾರ ಸಲುವಾಗಿ, ನಾನು ಹೋಗುತ್ತಿದ್ದದ್ದು ಯಾಕೆ, ಎಲ್ಲ. ದುರುಗಪ್ಪ, "ನಾವು ಬೇಡಿದ್ದು ಆತನ ಕಾಲಿಗೆ ಬಲ ಕೊಡು ಅಂತ. ದೇವರು ಕೊಟ್ಟಾನಲ್ರಿ. ನಿಮ್ಮ ಕಾಲಿಗೆ ಬೇಡಲಿಲ್ಲ ನೋಡ್ರಿ, ಅದ ತಪ್ಪಾತು" ಎಂದ. ಅವನ ಹೆಂಡತಿ ಇನ್ನೊಂದು ಕೇಳಿದಳು: "ಹುಲಿಗೆಮ್ಮನ ಹೆಸರ ಬರಿಯೂತನ ನೀವಿಬ್ಬರ ಕುಂಡ್ರತೀರೇನು? ನಾವೇನ್ ಕೈ ಮುರದ ಕುಂತೀವಾ?"

ಅವರೂ ಬರುತ್ತಾರೆ. ಮೂವತ್ತೊಂದು ಜನ. ಯಾರಿಗೂ ಇನ್ನೂ ದೀಕ್ಷಾಸ್ನಾನವಾಗಿಲ್ಲ, ನಿಮ್ಮ ಪುಸ್ತಕದಲ್ಲಿ ಅವರ ಹೆಸರಿಲ್ಲ. ಇಲ್ಲದ ಹೆಸರಿನ ಮೇಲೆ ಗೆರೆ ಎಳೆಯಲಾಗದು. ಎಬ್ಬಿಸಲೂ ಆಗದು. ನಾವು ದೇವದುರ್ಗದ ಸಂತೆಯಲ್ಲಿ ದೊಡ್ಡ ಈಚಲ ಚಾಪೆ ಮೂರು ತೆಗೆದುಕೊಂಡಿದ್ದೇವೆ.

ವಚನ ಈ ಸಲ ನೀವೇ ಆರಿಸಿ, ಗಟ್ಟಿಯಾಗಿ ಹೇಳಿಕೊಡಿ. ಬಾಗಿಲಿನಿಂದ ಮೇಜಿಗೆ ಕೇಳಿಸಲಿ. ಕಲ್ಲು ಒಡೆಯುವವರು, ಸಿಟ್ಟಿನ ವಚನ ಬೇಗ ಹಿಡಿಯುತ್ತಾರೆ.

ಸಭೆಯ ಜನ ಬರುವ ಮೊದಲೇ ಹೋಗಿ ಕುಳಿತುಬಿಡೋಣ, ಹೊಸ್ತಿಲಿನಿಂದ ಬೇವಿನ ಕಂಬದ ತನಕ. ಅವ್ವನ ಹೆಸರು ಪುಸ್ತಕಕ್ಕೆ ಬರುವ ದಿನದವರೆಗೆ ಆ ಸಭೆಯವರಿಗೆ ಚಪ್ಪಲಿ ಬಿಡಲು ಜಾಗ ಸಿಗಬಾರದು.

ಹುಲಿಗೆಮ್ಮನ ಮಗ,
ಬೂದೆಪ್ಪ